ಹಸಿರಿನ ಲೆಕ್ಕ ಬೇರೆ, ಕಾಡಿನ ನಕ್ಷೆ ಬೇರೆ

ಎಷ್ಟು ಕಾಡಿದೆ ಎಂದು ಹೇಳುವ ನಕ್ಷೆ ಒಂದು. ಇರುವುದು ಎಂಥ ಕಾಡು ಎಂದು ಹೇಳುವ ನಕ್ಷೆ ಇನ್ನೊಂದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಹೊರತರುತ್ತಿರುವ ವರದಿಗಳಲ್ಲಿ ಸುದ್ದಿಯಾಗುವುದು ಮೊದಲನೆಯದು. 2023ರ ವರದಿಯ ಪ್ರಕಾರ ದೇಶದ ಭೂಪ್ರದೇಶದ ಶೇ 21.76ರಷ್ಟು ಭಾಗದಲ್ಲಿ ಅರಣ್ಯ ಹೊದಿಕೆ ಇದೆ. ಆದರೆ ಸಂರಕ್ಷಣೆಗೆ ಬೇಕಾದ ಮಾಹಿತಿ ಇರುವುದು ಎರಡನೆಯದಾದ ಸಸ್ಯವರ್ಗ ನಕ್ಷೆಯಲ್ಲಿ.

ಅರಣ್ಯ ಹೊದಿಕೆಯ ವ್ಯಾಖ್ಯೆಯೇ ಈ ತೊಡಕಿನ ಮೂಲ. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರಗಳ ನೆತ್ತಿ ಶೇ 10ಕ್ಕಿಂತ ಹೆಚ್ಚು ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಹೀಗಾಗಿ ಮಲೆನಾಡಿನ ಅಕೇಶಿಯಾ ನೆಡುತೋಪು, ರಬ್ಬರ್ ತೋಟ, ಶತಮಾನಗಳ ನಿತ್ಯಹರಿದ್ವರ್ಣ ಕಾಡು ಎಲ್ಲವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಸಹಜ ಕಾಡನ್ನು ಕಡಿದು ಅಷ್ಟೇ ವಿಸ್ತಾರದಲ್ಲಿ ಬೇರೆಡೆ ತೋಪು ಬೆಳೆಸಿದರೆ ಲೆಕ್ಕದಲ್ಲಿ ನಷ್ಟವೇ ಕಾಣುವುದಿಲ್ಲ.

ಇದೇ ಸಂಸ್ಥೆ ಅರಣ್ಯ ವಿಧಗಳ ನಕ್ಷೆಗಳನ್ನೂ ಮಾಡಿದೆ ಎಂಬುದು ನಿಜ. ಅವಕ್ಕೆ ಆಧಾರ 1968ರ ಚಾಂಪಿಯನ್–ಸೇಠ್ ವರ್ಗೀಕರಣ. ದೇಶದ ಕಾಡನ್ನೆಲ್ಲ 16 ಮುಖ್ಯ ಗುಂಪುಗಳಲ್ಲಿ ಜೋಡಿಸಿದ ಈ ಕೆಲಸ ಅರಣ್ಯಾಧಿಕಾರಿಗಳಿಗೆ ಇಂದಿಗೂ ಕೈಪಿಡಿಯಂತಿದೆ. ಆದರೆ ಪಶ್ಚಿಮ ಘಟ್ಟದ ಮಟ್ಟಿಗೆ ಅದರ ಜರಡಿಯ ಕಣ್ಣು ದೊಡ್ಡದು. ಕೇರಳದ ದಕ್ಷಿಣದ ನಿತ್ಯಹರಿದ್ವರ್ಣ ಕಾಡಿಗೂ ಉತ್ತರ ಕನ್ನಡದ ಕಾಡಿಗೂ ಬಹುಮಟ್ಟಿಗೆ ಒಂದೇ ಹೆಸರು ಬೀಳುತ್ತದೆ. ದಕ್ಷಿಣದಲ್ಲಿ ಎರಡು–ಮೂರು ತಿಂಗಳಷ್ಟೇ ಇರುವ ಒಣಗಾಲ ಉತ್ತರ ಕನ್ನಡಕ್ಕೆ ಬರುವಷ್ಟರಲ್ಲಿ ಐದಾರು ತಿಂಗಳಾಗುತ್ತದೆ. ಅದಕ್ಕೆ ತಕ್ಕಂತೆ ಮರಗಳೂ ಬದಲಾಗುತ್ತವೆ.

ಈ ಕೊರತೆಯನ್ನು ತುಂಬಿದ್ದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್. 1955ರಲ್ಲಿ ಶುರುವಾದ ಈ ಸಂಸ್ಥೆ ಮೊದಲು 1:10,00,000 ಪ್ರಮಾಣದಲ್ಲಿ ಸಸ್ಯವರ್ಗ ನಕ್ಷೆಗಳನ್ನು ತಯಾರಿಸಿತು. ನಂತರ ಸಸ್ಯವಿಜ್ಞಾನಿ ಜೆ.ಪಿ. ಪಾಸ್ಕಲ್ ನೇತೃತ್ವದಲ್ಲಿ, ಕರ್ನಾಟಕ ಅರಣ್ಯ ಇಲಾಖೆಯ ಜೊತೆಗೂಡಿ, ಮಡಿಕೇರಿ–ಮೈಸೂರು ಮತ್ತು ಶಿವಮೊಗ್ಗ ಹಾಳೆಗಳನ್ನು 1982ರಲ್ಲಿ, ಬೆಳಗಾವಿ–ಧಾರವಾಡ–ಪಣಜಿ ಹಾಳೆಯನ್ನು 1984ರಲ್ಲಿ ಪ್ರಕಟಿಸಿತು. ಇವುಗಳ ಪ್ರಮಾಣ 1:2,50,000. ಮಳೆ, ಉಷ್ಣತೆ, ಒಣಗಾಲದ ಉದ್ದ, ಎತ್ತರ ಇವೆಲ್ಲವನ್ನೂ ಇಲ್ಲಿ ಗಣನೆಗೆ ತೆಗೆದುಕೊಳ್ಳಲಾಗಿದೆ. ಪ್ರತಿ ಬಗೆಯ ಕಾಡನ್ನು ಅದರ ಲಕ್ಷಣವಾದ ಮರಗಳಿಂದಲೇ ಗುರುತಿಸಲಾಗಿದೆ.

ಈ ನಕ್ಷೆಗಳ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಇಂದು ನೆಲದ ಮೇಲೆ ಏನಿದೆ ಎಂಬುದರ ಜೊತೆಗೆ, ಅದು ಯಾವ ಕಾಡು ಕೆಟ್ಟು ಆದ ರೂಪ ಎಂಬುದನ್ನೂ ಇವು ಹೇಳುತ್ತವೆ. ಕುರುಚಲಾಗಿ ಕಾಣುವ ಒಂದು ಗುಡ್ಡ ನಿತ್ಯಹರಿದ್ವರ್ಣ ಸರಣಿಗೆ ಸೇರಿದ್ದರೆ ಬೆಂಕಿ ಮತ್ತು ಕಡಿತ ನಿಲ್ಲಿಸಿದಾಗ ಅದು ಯಾವ ದಿಕ್ಕಿಗೆ ಚಿಗುರೀತು ಎಂದು ಊಹಿಸಬಹುದು. ಅಲ್ಲಿ ನೆಡುತೋಪಿನ ಅಗತ್ಯವೇ ಬೀಳದಿರಬಹುದು. ನಾಲ್ಕು ದಶಕಗಳ ಹಿಂದಿನ ಈ ಹಾಳೆಗಳು ಪುನಶ್ಚೇತನದ ಯೋಜನೆಗಳಲ್ಲಿ ಅಷ್ಟಾಗಿ ಬಳಕೆಯಾಗದಿರುವುದು ಆಶ್ಚರ್ಯದ ಸಂಗತಿ.

ಈಗ ಉಪಗ್ರಹ ಚಿತ್ರಗಳಿಗೆ ಬರವಿಲ್ಲ. ಭಾರತದ ಐಆರ್‌ಎಸ್ ಸರಣಿ 1988ರಲ್ಲಿ ಆರಂಭವಾಯಿತು. ಯುರೋಪಿನ ಸೆಂಟಿನೆಲ್–2 ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿ ಸಿಗುತ್ತವೆ. ಎಲೆಗಳು ಅವಕೆಂಪು ಬೆಳಕನ್ನು ಹೆಚ್ಚು ಪ್ರತಿಫಲಿಸುವುದರಿಂದ ಹಸಿರನ್ನು ಗುರುತಿಸುವುದು ಸುಲಭ. ಮಳೆಗಾಲದ ತಿಂಗಳುಗಳಲ್ಲಿ ಘಟ್ಟದ ಮೇಲೆ ಮೋಡ. ಫೆಬ್ರುವರಿ–ಮಾರ್ಚ್‌ನ ಚಿತ್ರದಲ್ಲಿ ಎಲೆ ಉದುರಿಸಿದ ಕಾಡು ತಾನಾಗಿ ಬೇರ್ಪಡುತ್ತದೆ. ತೊಡಕು ಶುರುವಾಗುವುದು ಆಮೇಲೆ. ಅಕೇಶಿಯಾ ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಕೊಡಗಿನ ಕಾಫಿ ತೋಟದ ಮೇಲೆ ಕಾಡುಮರಗಳದ್ದೇ ನೆರಳಿರುತ್ತದೆ. ಮೇಲಿನಿಂದ ಎರಡೂ ಕಾಡಿನಂತೆಯೇ ಕಾಣುತ್ತವೆ. ಬಿಡಿಸಿ ಹೇಳಲು ಯಾರಾದರೂ ಒಳಗೆ ನಡೆದು ಮರ ಎಣಿಸಬೇಕು. ಬಿ.ಆರ್. ರಮೇಶ್ ಮತ್ತು ಸಂಗಡಿಗರು ಮಧ್ಯ ಪಶ್ಚಿಮ ಘಟ್ಟದ 96 ತಾಣಗಳಲ್ಲಿ ಅಳೆದ ಮರಗಳ ದತ್ತಾಂಶವನ್ನು 2010ರಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕೇ ಮಹತ್ವದ್ದು.

ಅಳತೆಯ ಪ್ರಶ್ನೆಯೂ ಸಣ್ಣದಲ್ಲ. 1:2,50,000 ನಕ್ಷೆಯಲ್ಲಿ ಒಂದು ಚದರ ಮಿಲಿಮೀಟರ್ ಎಂದರೆ ನೆಲದ ಮೇಲೆ 6.25 ಹೆಕ್ಟೇರ್. ಉತ್ತರ ಕನ್ನಡದ ಹಳ್ಳಗಳ ಅಂಚಿನ ರಾಮಪತ್ರೆ ಜಡ್ಡಿಗಳು ಹಲವು ಕಡೆ ಅದಕ್ಕಿಂತ ಚಿಕ್ಕವು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಇಂಥ ಜೌಗು ಕಾಡಿನಿಂದಲೇ 2000ದಲ್ಲಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಹೊಸ ಮರ ವಿಜ್ಞಾನಕ್ಕೆ ಪರಿಚಯವಾಯಿತು. ನಕ್ಷೆಯಲ್ಲಿ ಚುಕ್ಕೆಯೂ ಆಗದ ಜಾಗವನ್ನು ರಸ್ತೆಯ, ವಿದ್ಯುತ್ ಮಾರ್ಗದ ಯೋಜನೆಗಳು ಗಮನಿಸುವುದೇ ಇಲ್ಲ.

ಮರವೇ ಇಲ್ಲದ ಸಹಜ ನೆಲದ ಪಾಡು ಇನ್ನೂ ಕಷ್ಟದ್ದು. ಕುದುರೆಮುಖ, ಬಾಬಾಬುಡನ್‌ಗಿರಿಯ ಹುಲ್ಲುಗಾವಲು ಶೋಲಾ ಕಾಡಿನ ಜೋಡಿ. ಬಯಲುಸೀಮೆಯ ಹುಲ್ಲುಗಾವಲು ಕೃಷ್ಣಮೃಗ, ತೋಳಗಳ ನೆಲೆ. ದಾಖಲೆಯಲ್ಲಿ ಇಂಥ ಎಷ್ಟೋ ಜಾಗ ‘ಪಾಳುಭೂಮಿ’. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿದ್ದು ಈ ದೃಷ್ಟಿಯ ಫಲ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಅರೆಶುಷ್ಕ ಪ್ರದೇಶಗಳ ಇಂಥ ಬಯಲು ಪರಿಸರಗಳ ನಕ್ಷೆ ಮಾಡಿದಾಗ ಅವು ದೇಶದ ನೆಲದ ಸುಮಾರು ಹತ್ತನೇ ಒಂದು ಭಾಗವೆಂದು ಕಂಡುಬಂತು.

ಆಗಬೇಕಾದ್ದು ತಾಂತ್ರಿಕವಾಗಿ ಕಷ್ಟದ ಕೆಲಸವೇನೂ ಅಲ್ಲ. ಅರಣ್ಯ ಹೊದಿಕೆಯ ಅಂಕಿಗಳಲ್ಲಿ ಸಹಜ ಕಾಡು ಮತ್ತು ನೆಡುತೋಪನ್ನು ಬೇರೆ ಬೇರೆ ತೋರಿಸಬೇಕು. ಪಾಸ್ಕಲ್ ನಕ್ಷೆಗಳನ್ನು ಕನಿಷ್ಠ 1:50,000 ಪ್ರಮಾಣದಲ್ಲಿ, ಜಡ್ಡಿ, ದೇವರಕಾಡು, ಹುಲ್ಲುಗಾವಲುಗಳನ್ನು ಪ್ರತ್ಯೇಕವಾಗಿ ಗುರುತಿಸಿ ಪರಿಷ್ಕರಿಸಬೇಕು. ಅರಣ್ಯ ಭೂಮಿಯ ಅನ್ಯಬಳಕೆಗೆ ಬರುವ ಪ್ರತಿ ಅರ್ಜಿಯೊಂದಿಗೂ ಆ ಹಾಳೆ ಕಡ್ಡಾಯವಾಗಿ ಇರಬೇಕು. ಅದಿಲ್ಲದೆ ಪರಿಹಾರಾತ್ಮಕ ಅರಣ್ಯೀಕರಣ ಎಷ್ಟು ಹೆಕ್ಟೇರ್ ನಡೆದರೂ, ಕಳೆದುಹೋದ ಕಾಡಿಗೆ ಅದು ಸಾಟಿಯೇ ಎಂದು ಪರೀಕ್ಷಿಸಲು ಯಾರ ಬಳಿಯೂ ಆಧಾರವಿರುವುದಿಲ್ಲ.