ಬಾಣಂತನಕ್ಕೆ ಬಂದವರ ಊಟದ ಲೆಕ್ಕ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುವುದು ಕಾಡಿನಲ್ಲಲ್ಲ. ಹಿತ್ತಿಲ ಹುಣಸೆಯ ಮೇಲೆ, ಬೀದಿಯ ಅರಳಿಯ ಮೇಲೆ. ಕೆಳಗೆ ದನ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ಚಳಿಗಾಲದಲ್ಲಿ ಬಂದು, ಮರಿ ಮಾಡಿಕೊಂಡು, ಮಳೆಗಾಲದ ಹೊತ್ತಿಗೆ ಹೊರಡುವ ಈ ಹಕ್ಕಿಗಳು ಊರಿನವರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದೆ ಊರು ಶಿಂಷಾ ನದಿಯ ದಂಡೆಯಲ್ಲಿತ್ತಂತೆ. ನೂರು ವರ್ಷದ ಹಿಂದೆ ಪ್ಲೇಗಿಗೆ ಹೆದರಿ ಜನ ಜಾಗ ಬಿಟ್ಟಾಗ ಹಕ್ಕಿಗಳೂ ಬೆನ್ನಿಗೇ ಬಂದವು ಎಂಬುದು ಹಿರಿಯರ ಮಾತು.

ತವರೆಂದ ಮೇಲೆ ಖರ್ಚೂ ಉಂಟು. ಮರದ ತುಂಬ ಹಿಕ್ಕೆ ಬಿದ್ದರೆ ಆ ವರ್ಷದ ಹುಣಸೆಹಣ್ಣಿನ ಆಸೆ ಬಿಡಬೇಕು, ನಾತ ಬೇರೆ. ಮೊದಲೆಲ್ಲ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ತುಂಬಿ, ಹಿಕ್ಕೆ ಬೆರೆತ ಆ ಮಣ್ಣನ್ನು ಹೊಲಗದ್ದೆಗೆ ಹೊಡೆಯುತ್ತಿದ್ದರು. ಗೊಬ್ಬರ ಚೀಲದಲ್ಲಿ ಬರತೊಡಗಿದ ಮೇಲೆ ಆ ಲೆಕ್ಕ ತಪ್ಪಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದರು. ಗೂಡಿರುವ ಮರಗಳ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಆಮೇಲೆ ಬಂತು. ದುಡ್ಡಿನ ಆಸೆಗೆ ಹಕ್ಕಿ ಸಾಕುತ್ತಾರೆಂದು ಮೂಗು ಮುರಿಯುವವರೂ ಇದ್ದಾರೆ. ಎರಡು ಪಾರಿವಾಳ ಬಂದು ಕೂತರೆ ಬಾಲ್ಕನಿಗೆ ಬಲೆ ಕಟ್ಟಿಸುವವರ ಮೂಗು ಅದು.

ಗೂಡಿನಿಂದ ಬಿದ್ದ ಮರಿಯ ಬಳಿಗೆ ತಾಯಿ ಇಳಿದು ಬರುವುದಿಲ್ಲ. ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಜೊತೆ ಸೇರಿ, ಅಂಥ ಮರಿಗಳನ್ನು ಬೇಲಿ ಹಾಕಿದ ಆವರಣಕ್ಕೆ ತಂದರು. ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಿಂದ ಸೇರಿದ ಏರ್ಪಾಡಿದು: ಯಾರನ್ನೂ ಎಬ್ಬಿಸುವಂತಿಲ್ಲ, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ಆರಿಸಿದವರೂ ಕೂರುತ್ತಾರೆ.

ಇಷ್ಟೆಲ್ಲ ಇದ್ದೂ 2017ರ ಕೊನೆಯ ಹೊತ್ತಿಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದವು.

ಹೊಟ್ಟೆ ಕೊಯ್ದು ನೋಡಿದರೆ ಜಂತುಹುಳು. ಹುಳು ಬರುವುದು ಮೀನಿನಿಂದ. ಮೀನು ಸಿಗುವುದು ಸುತ್ತಲಿನ ಕೆರೆಗಳಲ್ಲಿ, ಶಿಂಷೆಯಲ್ಲಿ. ಆ ನೀರು ಕೆಟ್ಟರೆ ಮೀನೂ ಕೆಟ್ಟಂತೆ. ಬೆಳ್ಳೂರಿನವರು ತೊಟ್ಟಿಲು ಕಾಯಬಲ್ಲರು, ಪಕ್ಕದೂರಿನ ಕೆರೆಗೆ ಸೇರುವ ಕೊಳೆನೀರನ್ನು ತಡೆಯಲಾರರು. ಜನರ ಪಾಲ್ಗೊಳ್ಳುವಿಕೆ ಎಂದು ಭಾಷಣ ಬಿಗಿಯುವಾಗ ಎಲ್ಲರೂ ಬೆರಳು ತೋರಿಸುವುದು ಮಾತ್ರ ಇದೊಂದೇ ಊರಿನ ಕಡೆಗೆ. ಪಟ್ಟಣದ ಚರಂಡಿ ನೋಡಿಕೊಳ್ಳುವವರು, ಕೆರೆಯ ಮೀನಿನ ಗುತ್ತಿಗೆ ಹಿಡಿದವರು, ಹೂಳಿನ ಟೆಂಡರು ಕರೆಯುವವರು ‘ಜನ’ರಲ್ಲಿ ಲೆಕ್ಕವಿಲ್ಲ. ವರ್ಷಗಟ್ಟಲೆ ಹುಣಸೆಹಣ್ಣು ಬಿಟ್ಟುಕೊಟ್ಟವರನ್ನು ಇನ್ನೇನು ಬಿಡುತ್ತೀರಿ ಎಂದು ಕೇಳುವುದು ಸಾಕು. ಬೆಳಗ್ಗೆ ಮರ ಬಿಟ್ಟೆದ್ದ ಹಕ್ಕಿ ಯಾವ್ಯಾವ ಕೆರೆಗೆ ಇಳಿಯುತ್ತದೆಂದು ಬಳಗದ ಹುಡುಗರಿಗೆ ಗೊತ್ತು. ಸಮಿತಿಯ ಮುಂದಿನ ಸಭೆಯನ್ನು ಆ ಕೆರೆಗಳ ಏರಿಯ ಮೇಲೆ, ಆ ಊರುಗಳ ಪಂಚಾಯಿತಿಯವರನ್ನು ಕೂರಿಸಿಕೊಂಡು ನಡೆಸಲಿ. ಮೊದಲ ವಿಷಯ: ಚರಂಡಿ.