ಇವಿ ಚಾರ್ಜರ್‌ಗೆ ಹೊರಗಿನ ಸ್ವಿಚ್: ಆ ಎರಡು ಟರ್ಮಿನಲ್‌ಗೆ ಕರೆಂಟ್ ಕೊಡಬಹುದೇ?

“ಕಾರ್ ಚಾರ್ಜರ್ ಮುಚ್ಚಳ ತೆಗೆದರೆ ಒಳಗೆ ಸ್ವಿಚ್‌ಗೆಂದೇ ಎರಡು ಟರ್ಮಿನಲ್ ಇವೆ. ಗೀಸರ್ ಟೈಮರ್‌ನಿಂದ ವೈರ್ ಎಳೆದು ಅಲ್ಲಿಗೆ ಕೊಡಿ. ರಾತ್ರಿ ತಾನೇ ಆನ್, ಬೆಳಿಗ್ಗೆ ತಾನೇ ಆಫ್. ಕರೆಂಟ್ ಬಿಲ್ ಉಳಿತಾಯ!” ಇಂಥದ್ದೊಂದು ಸಲಹೆ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂದಿರಬಹುದು.

ಇದರಲ್ಲಿ ಅರ್ಧ ನಿಜ ಇದೆ. ಗೋಡೆಗೆ ಹಾಕುವ ಹಲವು ಚಾರ್ಜರ್‌ಗಳಲ್ಲಿ ಹೊರಗಿನ ಸ್ವಿಚ್‌ಗೆಂದು ಎರಡು ಟರ್ಮಿನಲ್ ಇರುವುದು ಹೌದು. ಆದರೆ ಟೈಮರ್‌ನಿಂದ ಬರುವ 230 ವೋಲ್ಟ್ ಅನ್ನು ಅಲ್ಲಿಗೆ ನೇರವಾಗಿ ಕೊಟ್ಟರೆ ಚಾರ್ಜರ್ ಬೋರ್ಡ್ ಸುಟ್ಟುಹೋಗಬಹುದು, ಮುಟ್ಟಿದವರಿಗೆ ಶಾಕ್ ಹೊಡೆಯಲೂಬಹುದು. ಯಾಕೆ ಎಂದು ನೋಡೋಣ.

ಗೋಡೆಯ ಮೇಲಿರುವುದು ನಿಜಕ್ಕೂ ಚಾರ್ಜರ್ ಅಲ್ಲ!

ಮನೆಯಲ್ಲಿ ಹಾಕಿಸುವ ಎಸಿ ಚಾರ್ಜರ್ ಬ್ಯಾಟರಿಯನ್ನು ನೇರವಾಗಿ ಚಾರ್ಜ್ ಮಾಡುವುದಿಲ್ಲ. ಎಸಿಯನ್ನು ಡಿಸಿಗೆ ಬದಲಿಸಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಗೋಡೆಯ ಪೆಟ್ಟಿಗೆ ಒಂದು ಜಾಣ ಸ್ವಿಚ್ ಇದ್ದ ಹಾಗೆ. ಅದರೊಳಗೆ ಕಾಂಟ್ಯಾಕ್ಟರ್ ಎಂಬ ದಪ್ಪ ರಿಲೇ ಇರುತ್ತದೆ. ಕಾರು ಸಿದ್ಧವಾದಾಗ ಮಾತ್ರ ಅದು ಕರೆಂಟ್ ಬಿಡುತ್ತದೆ.

ಹೊಲದ ಪಂಪ್‌ಸೆಟ್ ಸ್ಟಾರ್ಟರ್ ನೆನಪಿಸಿಕೊಳ್ಳಿ. ನಾವು ಒತ್ತುವ ಹಸಿರು ಬಟನ್ ಮೂಲಕ ಮೋಟರ್‌ನ ಕರೆಂಟ್ ಹರಿಯುವುದಿಲ್ಲ. ಬಟನ್ ಒಳಗಿನ ಕಾಂಟ್ಯಾಕ್ಟರ್‌ಗೆ ಹೇಳುತ್ತದೆ, ದೊಡ್ಡ ಕರೆಂಟನ್ನು ಹೊರುವುದು ಆ ಕಾಂಟ್ಯಾಕ್ಟರ್. ಇವಿ ಚಾರ್ಜರ್‌ನಲ್ಲೂ ಹೀಗೆಯೇ, ಆದರೆ ಇಲ್ಲಿ ಕಾರಿನ ಒಪ್ಪಿಗೆಯೂ ಬೇಕು.

ಪೆಟ್ಟಿಗೆ ಮತ್ತು ಕಾರು ಮಾತಾಡಿಕೊಳ್ಳುವುದು ಹೇಗೆ?

ಚಾರ್ಜಿಂಗ್ ಕೇಬಲ್‌ನಲ್ಲಿ ಕರೆಂಟ್ ಹರಿಯುವ ವೈರ್‌ಗಳ ಜೊತೆಗೆ ಸಂದೇಶಕ್ಕೆಂದೇ ಒಂದು ವೈರ್ ಇದೆ. ಅದಕ್ಕೆ ಕಂಟ್ರೋಲ್ ಪೈಲಟ್ ಎಂದು ಹೆಸರು. ಕಾರು ಜೋಡಿಸದಿದ್ದಾಗ ಅದರ ವೋಲ್ಟೇಜ್ 12. ಪ್ಲಗ್ ಹಾಕಿದರೆ 9ಕ್ಕೆ ಇಳಿಯುತ್ತದೆ. ಕಾರು “ನಾನು ರೆಡಿ” ಎಂದಾಗ 6ಕ್ಕೆ ಬರುತ್ತದೆ. ಆಗ ಮಾತ್ರ ಪೆಟ್ಟಿಗೆ ಕಾಂಟ್ಯಾಕ್ಟರ್ ಹಾಕುತ್ತದೆ. ಖಾಲಿ ಬಿದ್ದಿರುವ ಚಾರ್ಜಿಂಗ್ ಗನ್‌ನಲ್ಲಿ ಕರೆಂಟ್ ಇರದಿರಲು ಇದೇ ಕಾರಣ.

ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿಯನ್ನೂ ಇದೇ ವೈರ್ ತಿಳಿಸುತ್ತದೆ. ಅದರಲ್ಲಿ ಸೆಕೆಂಡಿಗೆ 1000 ಸಲ ಮಿಡಿತ ಇರುತ್ತದೆ. ಪ್ರತಿ ಮಿಡಿತದ ಅಗಲ ಸುಮಾರು ಶೇ 27 ಇದ್ದರೆ “16 ಆಂಪಿಯರ್ ತನಕ ತಗೋ” ಎಂದರ್ಥ. ಸುಮಾರು ಶೇ 53 ಇದ್ದರೆ 32 ಆಂಪಿಯರ್. ಮಿಡಿತ ನಿಂತು ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಂತರೆ “ಈಗ ಬೇಡ, ಕಾಯಿ” ಎಂದರ್ಥ.

ಹಾಗಾದರೆ ಹೊರಗಿನ ಸ್ವಿಚ್ ಏನು ಮಾಡುತ್ತದೆ?

ಸಿಟಿ ಬಸ್ಸಿನ ಕಂಡಕ್ಟರ್ “ಹೋಲ್ಡಾನ್” ಎಂದು ಕೂಗಿದಾಗ ಬಸ್ಸನ್ನು ಅವರೇ ಹಿಡಿದು ನಿಲ್ಲಿಸುವುದಿಲ್ಲ. ಡ್ರೈವರ್ ಕೇಳಿಸಿಕೊಂಡು ನಿಧಾನ ಮಾಡಿ ನಿಲ್ಲಿಸುತ್ತಾರೆ. “ರೈಟ್ ರೈಟ್” ಎಂದರೆ ಹೊರಡಿಸುತ್ತಾರೆ. ಹೊರಗಿನ ಸ್ವಿಚ್ ಮಾಡುವುದು ಈ ಕಂಡಕ್ಟರ್ ಕೆಲಸ.

ಸ್ವಿಚ್ “ಹೋಲ್ಡಾನ್” ಎಂದಾಗ ಪೆಟ್ಟಿಗೆ ಪೈಲಟ್ ಮಿಡಿತ ನಿಲ್ಲಿಸುತ್ತದೆ. ಕಾರು ಕೆಲವೇ ಸೆಕೆಂಡುಗಳಲ್ಲಿ ಕರೆಂಟ್ ಎಳೆಯುವುದನ್ನು ನಿಲ್ಲಿಸುತ್ತದೆ. ಕರೆಂಟ್ ಸೊನ್ನೆಗೆ ಬಂದ ಮೇಲೆ ಕಾಂಟ್ಯಾಕ್ಟರ್ ಬಿಡುತ್ತದೆ. ಕಿಡಿ ಇಲ್ಲ, ಸವೆತ ಇಲ್ಲ. ಕೆಲವು ಮಾದರಿಗಳಲ್ಲಿ ಇದೇ ಸ್ವಿಚ್‌ನಿಂದ ಪೂರ್ತಿ ನಿಲ್ಲಿಸುವ ಬದಲು ಕರೆಂಟನ್ನು ಕಡಿಮೆ ಮಾಡುವಂತೆಯೂ ಸೆಟ್ ಮಾಡಬಹುದು.

230 ವೋಲ್ಟ್ ಕೊಟ್ಟರೆ ಯಾಕೆ ಅಪಾಯ?

ಈ ಟರ್ಮಿನಲ್‌ಗಳಿಗೆ ಸಾಮಾನ್ಯವಾಗಿ ಬೇಕಿರುವುದು ಡ್ರೈ ಕಾಂಟ್ಯಾಕ್ಟ್. ಅಂದರೆ ಹೊರಗಿನಿಂದ ಯಾವ ಕರೆಂಟೂ ಬರಬಾರದು, ಎರಡು ವೈರ್ ಪರಸ್ಪರ ಸೇರಬೇಕು ಅಥವಾ ಬಿಡಬೇಕು, ಅಷ್ಟೇ. ಅದಕ್ಕೆ ಬೇಕಾದ ಚಿಕ್ಕ ವೋಲ್ಟೇಜ್ ಅನ್ನು ಚಾರ್ಜರ್ ತಾನೇ ಕೊಟ್ಟುಕೊಳ್ಳುತ್ತದೆ. ಆ ಟರ್ಮಿನಲ್‌ಗಳ ಹಿಂದೆ ಇರುವುದು ಸೂಕ್ಷ್ಮ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅಲ್ಲಿಗೆ 230 ವೋಲ್ಟ್ ನುಗ್ಗಿದರೆ ಅದು ತಡೆಯುವುದಿಲ್ಲ. ತಪ್ಪು ವೈರಿಂಗ್‌ನಿಂದ ಸುಟ್ಟ ಬೋರ್ಡ್‌ಗೆ ವಾರಂಟಿ ಸಿಗುವುದೂ ಕಷ್ಟ.

ಹಾಗೆಂದು ಟೈಮರ್ ಬಳಸಲೇಬಾರದು ಎಂದಲ್ಲ, ನಡುವೆ ಒಂದು ಚಿಕ್ಕ ರಿಲೇ ಬೇಕು. ಟೈಮರ್‌ನ 230 ವೋಲ್ಟ್ ರಿಲೇಯ ಕಾಯಿಲ್‌ಗೆ ಮಾತ್ರ ಹೋಗಬೇಕು. ರಿಲೇಯಲ್ಲಿ ಬೇರೆಯಾಗಿರುವ, ಕರೆಂಟ್ ಇಲ್ಲದ ಕಾಂಟ್ಯಾಕ್ಟ್‌ನ ಎರಡು ವೈರ್ ಚಾರ್ಜರ್‌ಗೆ ಬರಬೇಕು. ಯಾವುದೋ ಮಾದರಿಗೆ ಬೇರೆ ವೋಲ್ಟೇಜ್ ಬೇಕಿರಬಹುದು. ಆದ್ದರಿಂದ ನಿಮ್ಮ ಚಾರ್ಜರ್‌ನ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಬೇರೆ ಕಂಪನಿಯ ಚಾರ್ಜರ್‌ಗೆ ಮಾಡಿದ ವೈರಿಂಗ್ ವಿಡಿಯೊ ನಿಮಗೆ ಹೊಂದದು.

ಚಾರ್ಜ್ ಆಗುವಾಗ ಎಂಸಿಬಿ ಆಫ್ ಮಾಡಿದರೆ ಬ್ಯಾಟರಿ ಹಾಳಾಗುತ್ತದಾ?

ಇಲ್ಲ. ಇದೂ ಓಡಾಡುವ ಇನ್ನೊಂದು ನಂಬಿಕೆ. ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದೇನಲ್ಲ, ಅದನ್ನು ತಾಳಿಕೊಳ್ಳುವಂತೆಯೇ ಕಾರುಗಳನ್ನು ಮಾಡಿರುತ್ತಾರೆ. ಯಾವಾಗಲೋ ಒಮ್ಮೆ ಎಂಸಿಬಿ ಇಳಿಸಿದರೆ ಬ್ಯಾಟರಿಗೆ ಏನೂ ಆಗದು. ಆದರೆ ದಿನವೂ ಅದನ್ನೇ ಸ್ವಿಚ್‌ನಂತೆ ಬಳಸಿದರೆ 32 ಆಂಪಿಯರ್ ಹರಿಯುವಾಗಲೇ ಕತ್ತರಿಸಿದಂತಾಗುತ್ತದೆ. ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸವೆಯುತ್ತದೆ. ನಿಜವಾದ ಅಪಾಯ ಬಂದ ದಿನ ಕೈಕೊಡಬಾರದ ಸಾಧನ ಅದು.

ಇದರ ಉಲ್ಟಾ ತಪ್ಪೂ ಇದೆ. ಹೊರಗಿನ ಸ್ವಿಚ್ ಆಫ್ ಮಾಡಿದರೆ ಚಾರ್ಜರ್‌ನಲ್ಲಿ ಕರೆಂಟ್ ಇಲ್ಲ ಎಂದುಕೊಳ್ಳಬೇಡಿ. ಚಾರ್ಜಿಂಗ್ ನಿಂತಿರುತ್ತದೆ, ಪೆಟ್ಟಿಗೆಯೊಳಗೆ 230 ವೋಲ್ಟ್ ಹಾಗೆಯೇ ಇರುತ್ತದೆ. ಮುಚ್ಚಳ ತೆಗೆಯುವ ಮುನ್ನ ಎಂಸಿಬಿ ಇಳಿಸಲೇಬೇಕು. ಹೊಗೆ, ಸುಟ್ಟ ವಾಸನೆ ಬಂದಾಗಲೂ ಇಳಿಸಬೇಕಾದದ್ದು ಎಂಸಿಬಿ.

ಇದರಿಂದ ನಿಜವಾಗಿ ಉಪಯೋಗ ಎಲ್ಲಿ?

ಅಪಾರ್ಟ್‌ಮೆಂಟ್‌ನ ಜನರೇಟರ್ ತೆಗೆದುಕೊಳ್ಳಿ. 32 ಆಂಪಿಯರ್ ಚಾರ್ಜರ್ ಒಂದು ಸುಮಾರು 7.4 ಕಿಲೋವ್ಯಾಟ್ ಎಳೆಯುತ್ತದೆ. ಹತ್ತು ಕಾರು ಒಟ್ಟಿಗೆ ನಿಂತರೆ 74 ಕಿಲೋವ್ಯಾಟ್. ಚಾರ್ಜರ್‌ಗಳಿಗೂ ಜನರೇಟರ್ ಲೈನ್ ಇದ್ದು, ಕರೆಂಟ್ ಹೋದ ಕೂಡಲೇ ಇಷ್ಟೂ ಹೊರೆ ಅದರ ಮೇಲೆ ಬಿದ್ದರೆ ಜನರೇಟರ್ ಟ್ರಿಪ್ ಆಗಬಹುದು. ಆಗ ಲಿಫ್ಟ್‌ನಲ್ಲಿದ್ದ ಅಜ್ಜಿ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತಾರೆ. ಚೇಂಜ್‌ಓವರ್ ಪ್ಯಾನೆಲ್‌ನಿಂದ ಒಂದು ಡ್ರೈ ಕಾಂಟ್ಯಾಕ್ಟ್ ತಂದು ಎಲ್ಲ ಚಾರ್ಜರ್‌ಗೂ ಕೊಟ್ಟರೆ, ಜನರೇಟರ್ ಓಡುವಷ್ಟು ಹೊತ್ತು ಕಾರುಗಳು ಕಾಯುತ್ತವೆ.

ಇನ್ನು ಬಿಲ್ ಉಳಿತಾಯ. ವೇಳೆಗೆ ತಕ್ಕ ದರ ನಿಮ್ಮ ಬಿಲ್‌ನಲ್ಲಿ ಇಲ್ಲದಿದ್ದರೆ ಟೈಮರ್‌ನಿಂದ ಒಂದು ರೂಪಾಯಿಯೂ ಉಳಿಯದು. ಇದ್ದರೂ ರಾತ್ರಿಯೇ ಅಗ್ಗ ಎಂದೇನಿಲ್ಲ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಂದ ನಿಯಮದ ಪ್ರಕಾರ, ವೇಳೆವಾರು ದರ ಜಾರಿಯಾದಲ್ಲಿ ಬಿಸಿಲಿನ ವೇಳೆಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು. ಹಾಗಾಗಿ ಮೊದಲು ಬಿಲ್ ನೋಡಿ, ಆಮೇಲೆ ಟೈಮರ್ ಕೊಳ್ಳಿ.

ಬೇರೆ ದೇಶಗಳಲ್ಲಿ ಇದು ಕಾನೂನೇ ಆಗಿದೆ. ಜರ್ಮನಿಯಲ್ಲಿ 4.2 ಕಿಲೋವ್ಯಾಟ್‌ಗಿಂತ ದೊಡ್ಡ ಹೊಸ ಮನೆ ಚಾರ್ಜರ್‌ಗಳ ಹೊರೆಯನ್ನು, ಲೈನ್ ಮೇಲೆ ಒತ್ತಡ ಬಂದಾಗ, 4.2 ಕಿಲೋವ್ಯಾಟ್‌ಗೆ ಇಳಿಸಲು ವಿದ್ಯುತ್ ಜಾಲದ ಕಂಪನಿಗೆ 2024ರ ಜನವರಿಯಿಂದ ಅಧಿಕಾರವಿದೆ. ಬ್ರಿಟನ್‌ನಲ್ಲಿ 2022ರ ಜೂನ್ 30ರ ನಂತರ ಮಾರಾಟವಾದ ಮನೆ ಚಾರ್ಜರ್‌ಗಳು ಪೀಕ್ ವೇಳೆ ತಪ್ಪಿಸುವಂತೆ ಮೊದಲೇ ಸೆಟ್ ಆಗಿ ಬರುತ್ತವೆ. ಎಲ್ಲ ಕಾರುಗಳೂ ಒಂದೇ ಕ್ಷಣಕ್ಕೆ ಶುರುವಾಗದಿರಲೆಂದು ಪ್ರತಿ ಚಾರ್ಜರ್ 10 ನಿಮಿಷದವರೆಗೆ ಹಿಂದೆಮುಂದೆ ಆಗುತ್ತದೆ.

ಸ್ಕೂಟರ್ ಚಾರ್ಜರ್‌ಗೂ ಇದು ಅನ್ವಯಿಸುತ್ತಾ?

ಸಾಕೆಟ್‌ಗೆ ಚುಚ್ಚುವ ಸಾಮಾನ್ಯ ಸ್ಕೂಟರ್ ಚಾರ್ಜರ್‌ನಲ್ಲಿ ಇಂಥ ಟರ್ಮಿನಲ್ ಇರುವುದಿಲ್ಲ. ಹುಡುಕಲು ಹೋಗಿ ಬಿಚ್ಚಬೇಡಿ. ಅದರ ಕರೆಂಟ್ ಕಾರಿಗಿಂತ ಬಹಳ ಕಡಿಮೆ. ಟೈಮರ್ ಬೇಕೇ ಬೇಕೆಂದರೆ 16 ಆಂಪಿಯರ್ ತಾಳುವ ಒಳ್ಳೆಯ ಸಾಕೆಟ್ ಟೈಮರ್ ಸಾಕು, ಕಂಪನಿಯ ಮ್ಯಾನುಯಲ್ ಅದಕ್ಕೆ ಒಪ್ಪಿದರೆ.

ಎಲೆಕ್ಟ್ರಿಷಿಯನ್ ಬಂದಾಗ ಇಷ್ಟು ಕೇಳಿ

• ಈ ಟರ್ಮಿನಲ್‌ಗೆ ಡ್ರೈ ಕಾಂಟ್ಯಾಕ್ಟ್ ಬೇಕೋ, ವೋಲ್ಟೇಜ್ ಬೇಕೋ? ಮ್ಯಾನುಯಲ್‌ನ ಆ ಪುಟ ತೋರಿಸಿ.

• ವೈರ್ ತುಂಡಾದರೆ ಚಾರ್ಜಿಂಗ್ ನಿಲ್ಲುತ್ತದೋ, ಮುಂದುವರಿಯುತ್ತದೋ? ಜನರೇಟರ್‌ಗಾಗಿ ಹಾಕುವುದಾದರೆ ನಿಲ್ಲುವಂತೆಯೇ ಇರಬೇಕು.

• ಸಂದೇಶದ ವೈರ್ ಅನ್ನು ಕರೆಂಟ್ ಕೇಬಲ್ ಇರುವ ಪೈಪ್‌ನಲ್ಲೇ ಎಳೆದಿದ್ದೀರಾ? ಬೇರೆ ಪೈಪ್ ಬೇಕು. ಇಲ್ಲದಿದ್ದರೆ ತಪ್ಪು ಸಂದೇಶ ಹೋಗಬಹುದು.

• ಚಾರ್ಜರ್‌ಗೆ ಬೇರೆ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇದೆಯೇ?

• ತುಂಬಾ ಹೊತ್ತು ನಿಲ್ಲಿಸಿದ ಮೇಲೆ ನನ್ನ ಕಾರು ಮತ್ತೆ ಚಾರ್ಜ್ ಶುರು ಮಾಡುತ್ತದಾ? ಕೆಲವು ಕಾರುಗಳು ನಿದ್ದೆಗೆ ಜಾರಿ ಏಳುವುದೇ ಇಲ್ಲ. ಮೊದಲ ರಾತ್ರಿಯೇ ಪರೀಕ್ಷಿಸಿ ನೋಡಿ.

ಸೋಲಾರ್ ಇರುವವರು ಮೋಡ ಬಂದಾಗ ಆಫ್, ಬಿಸಿಲು ಬಂದಾಗ ಆನ್ ಎಂದು ನಿಮಿಷಕ್ಕೊಮ್ಮೆ ಬದಲಿಸುವಂತೆ ಮಾಡಬೇಡಿ. ಕನಿಷ್ಠ 10-15 ನಿಮಿಷದ ಅಂತರ ಇಟ್ಟರೆ ಕಾಂಟ್ಯಾಕ್ಟರ್‌ಗಳು ಬಾಳಿಕೆ ಬರುತ್ತವೆ.

ಕೊನೆಯ ಮಾತು

ಇವಿ ಚಾರ್ಜರ್‌ಗೆ ಹೊರಗಿನ ಸ್ವಿಚ್ ಹಾಕಬಹುದು ಎಂಬುದು ನಿಜ. ಆ ಟರ್ಮಿನಲ್‌ಗೆ ನೇರವಾಗಿ 230 ವೋಲ್ಟ್ ಕೊಡಬಹುದು ಎಂಬುದು ತಪ್ಪು ಮತ್ತು ಅಪಾಯಕಾರಿ. ಆ ಎರಡು ವೈರ್ ಇರುವುದು “ಹೋಲ್ಡಾನ್”, “ರೈಟ್” ಎನ್ನಲು ಮಾತ್ರ, ಕರೆಂಟ್ ತರಲು ಅಲ್ಲ. ಅರ್ಧ ನಿಜದ ಆ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಉಳಿದರ್ಧ ಹೇಳಿ.