ಯಾರಿಂದ?

ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಬರೀತಾರೆ: ರಾಮ ರಾವಣನನ್ನು ಕೊಂದನು, ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ಎರಡಕ್ಕೂ ಅರ್ಥ ಒಂದೇ ಅಂತ ಕೈ ತೊಳಕೊಳ್ತಾರೆ. ಒಂದೇ ಅಲ್ಲ ಸ್ವಾಮಿ! 'ರಾಮನಿಂದ' ಅನ್ನೋದನ್ನ ಅಳಿಸಿದರೂ ಎರಡನೇ ವಾಕ್ಯ ನಿಲ್ಲುತ್ತೆ. ಕೊಂದವನು ವಾಕ್ಯದಿಂದಲೇ ಪರಾರಿ. ರಾವಣನ ಜಾಗದಲ್ಲಿ ನಮ್ಮ ಕೇರಿಯವನನ್ನು ಇಟ್ಟು ನೋಡಿ. ಇದಕ್ಕೆ ಒಂದು 'ಮೇ', ಒಂದು 'ಶಲ್' ಸೇರಿಸಿದರೆ ಆಳುವವರ ಭಾಷೆ ತಯಾರು.

ದಲಿತರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯನ್ನೇ ತಗೊಳ್ಳಿ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಹೇಳಿತು: ದೂರು ಬಂದರೆ ಡಿವೈಎಸ್ಪಿಯಿಂದ ಪ್ರಾಥಮಿಕ ವಿಚಾರಣೆ 'ಮೇ ಬಿ ಕಂಡಕ್ಟೆಡ್', ಅಂದರೆ ನಡೆಸಬಹುದು. ವ್ಯಾಕರಣದ ಪುಸ್ತಕದಲ್ಲಿ 'ಮೇ' ಬರೀ ಅನುಮತಿ. ಠಾಣೆಯ ಬಾಗಿಲಲ್ಲಿ ನಿಂತವನ ಕಿವಿಗೆ ಅದು 'ಇವತ್ತು ಕೇಸಿಲ್ಲ, ಹೋಗು'. ಏಪ್ರಿಲ್ 2ರಂದು ಜನ ಬೀದಿಗಿಳಿದರು. ಭಾರತ ಬಂದ್. ಹೆಣಗಳು ಬಿದ್ದವು. ಆಗಸ್ಟಿನಲ್ಲಿ ಸಂಸತ್ತು 18ಎ ಕಲಮು ಸೇರಿಸಿತು: ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ 'ಶಲ್ ನಾಟ್ ಬಿ ರಿಕ್ವೈರ್ಡ್', ಅವಶ್ಯಕವಾಗತಕ್ಕದ್ದಲ್ಲ. 'ಮೇ ಬಿ'ಯಿಂದ 'ಶಲ್ ನಾಟ್ ಬಿ'ಗೆ ಬರೋಕೆ ರಕ್ತ ಹರಿಯಬೇಕಾಯಿತು. 2020ರಲ್ಲಿ ಕೋರ್ಟೂ ಆ ಕಲಮನ್ನು ಎತ್ತಿಹಿಡಿಯಿತು.

ಇದು ಯಾವ ಪಠ್ಯದಲ್ಲಿದೆ? ಹಳ್ಳಿಯ ಮೇಷ್ಟ್ರೇ, ಬಿಟ್ಟ ಸ್ಥಳ ತುಂಬಿಸಿದ್ದು ಸಾಕು. ಸರ್ಕಾರಿ ಸುತ್ತೋಲೆಯೊಂದನ್ನು ಮಕ್ಕಳ ಮುಂದೆ ಇಡಿ. ಕನ್ನಡದ್ದಾದರೂ ಸರಿ, ಅದೂ ಅದೇ ಚಾಳಿ ಕಲಿತಿದೆ. 'ಕ್ರಮ ಕೈಗೊಳ್ಳಲಾಗುವುದು' ಅಂತ ಬಂದ ಕಡೆಯೆಲ್ಲ ಯಾರಿಂದ, ಎಷ್ಟು ದಿನದೊಳಗೆ ಅಂತ ಕೆಂಪು ಶಾಯಿಯಲ್ಲಿ ಬರೆಸಿ.